ಐದು ವರ್ಷಕ್ಕೆ ಸಾಕ್ಷಿ

ಮಾಹಿತಿ ಭದ್ರತೆಯ ಕ್ಷೇತ್ರದಲ್ಲಿ ಸಿಐಎಸ್‌ಎಸ್‌ಪಿ ಎಂಬ ಪ್ರಮಾಣಪತ್ರ ಕೈಗೆ ಬರಬೇಕಾದರೆ ಪರೀಕ್ಷೆ ಪಾಸಾದರಷ್ಟೇ ಸಾಲದು. ಪಠ್ಯದ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಾದರೂ ಒಟ್ಟು ಐದು ವರ್ಷ ದುಡಿದಿರಬೇಕು. ಆ ದುಡಿಮೆ ನಿಜವೆಂದು ಈಗಾಗಲೇ ಪ್ರಮಾಣಪತ್ರ ಪಡೆದ ಇನ್ನೊಬ್ಬರು ಸಹಿ ಹಾಕಬೇಕು. ಪರೀಕ್ಷೆ ಒಂದೇ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಅನುಭವದ ಲೆಕ್ಕ ಒಪ್ಪಿಸುವ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಕೊಯಮತ್ತೂರಿನ ಉತ್ತರಕ್ಕೆ, ಸತ್ಯಮಂಗಲದ ಹೆದ್ದಾರಿಯ ಮೇಲಿರುವ ಶರವಣಂಪಟ್ಟಿಯ ಕಚೇರಿಗಳಲ್ಲಿ ದುಡಿದು ಈ ದಾರಿ ಹಿಡಿದವರು ಹಿಂದಿನದನ್ನು ನೆನೆಯುವಾಗ ಮಾತಿಗೆ ಬರುವುದು ಪ್ರಶ್ನೆಪತ್ರಿಕೆಗಿಂತ ಹೆಚ್ಚಾಗಿ ಈ ಲೆಕ್ಕವೇ.

ಐದು ವರ್ಷದ ನಿಯಮ ಮೊದಲಿನಿಂದ ಇದ್ದದ್ದಲ್ಲ. ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ, ಈಗಿನ ಹೆಸರಿನಲ್ಲಿ ಐಎಸ್‌ಸಿ2, ಒಂದು ಒಕ್ಕೂಟವಾಗಿ ಹುಟ್ಟಿದ್ದು 1989ರಲ್ಲಿ. ಸಿಐಎಸ್‌ಎಸ್‌ಪಿ ಶುರುವಾದದ್ದು 1994ರಲ್ಲಿ. ಆಗ ಮೂರು ವರ್ಷದ ಅನುಭವ ಸಾಕಾಗಿತ್ತು. 2003ರಲ್ಲಿ ಅದು ನಾಲ್ಕಾಯಿತು, 2007ರ ಅಕ್ಟೋಬರ್‌ನಲ್ಲಿ ಐದಾಯಿತು. ಒಂದು ವಿಭಾಗದ ಅನುಭವ ಸಾಕೆಂಬ ಸಡಿಲವೂ ಹೋಗಿ ಎರಡು ವಿಭಾಗ ಬೇಕೆಂದಾಯಿತು. ವಾರದ ತರಬೇತಿ ಶಿಬಿರದಲ್ಲಿ ಕೂತು, ಪ್ರಶ್ನೆಗಳನ್ನು ಉರುಹೊಡೆದು ಪಾಸಾಗುವವರು ಹೆಚ್ಚಿದ ಕಾಲ ಅದು. ಪರೀಕ್ಷೆಯೊಂದೇ ಜರಡಿಯಾದರೆ ಕಾಳಿನ ಜತೆ ಹೊಟ್ಟೂ ಇಳಿಯುತ್ತದೆ ಎಂಬ ಅಂಜಿಕೆ ಈ ಬಿಗಿಯ ಹಿಂದೆ ಇತ್ತೆಂದು ತಿಳಿದರೆ ತಪ್ಪಾಗದು. ಶರವಣಂಪಟ್ಟಿಯ ಮೊದಲ ತಂಡಗಳು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಹೊತ್ತಿಗೆ ಸರಿಯಾಗಿ ಗೆರೆ ಮುಂದಕ್ಕೆ ಸರಿದಿತ್ತು.

ಶರವಣಂಪಟ್ಟಿ 2011ರ ತನಕ ಪ್ರತ್ಯೇಕ ಪಟ್ಟಣ ಪಂಚಾಯತಿ. ಆ ವರ್ಷ ತುಡಿಯಲೂರು, ಚಿನ್ನವೇದಂಪಟ್ಟಿ, ಕಾಳಪಟ್ಟಿ, ವಿಳಾಂಕುರಿಚ್ಚಿಗಳ ಜತೆ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿತು. ಪಕ್ಕದ ಕುಮಾರಗುರು ತಾಂತ್ರಿಕ ಕಾಲೇಜು 1984ರಿಂದಲೂ ಇದೆ. ತುಡಿಯಲೂರು ರಸ್ತೆಯಲ್ಲಿ ಕೆಜಿಐಎಸ್‌ಎಲ್ ಆವರಣ, ಆಚೆ ಕೀರಣತ್ತಂನ ವಿಶೇಷ ಆರ್ಥಿಕ ವಲಯದಲ್ಲಿ ಕಾಗ್ನಿಜೆಂಟ್, ಬಾಷ್ ಮೊದಲಾದ ಕಂಪನಿಗಳು ಬಂದ ಮೇಲೆ ಊರಿನ ಚಹರೆ ಬದಲಾಯಿತು. ನೂಲಿನ ಗಿರಣಿ, ಪಂಪು ತಯಾರಿಕೆ, ಫೌಂಡ್ರಿಗಳಿಗೆ ಹೆಸರಾದ ಕೊಯಮತ್ತೂರಿಗೆ ಶಿಫ್ಟ್ ಕೆಲಸ ಹೊಸದೇನಲ್ಲ. ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡ ಶಿಫ್ಟ್ ಮಾತ್ರ ಹೊಸದು.

ಈ ಊರನ್ನು ಹಾದುಹೋಗುವ ಹೆದ್ದಾರಿಯ ಹಳೆಯ ಸಂಖ್ಯೆ 209, ಈಗ 948. ಗಾಂಧೀಪುರದಿಂದ ಗಣಪತಿ, ಶರವಣಂಪಟ್ಟಿ, ಕೋವಿಲ್‌ಪಾಳಯಂ, ಅನ್ನೂರು, ಪುಳಿಯಂಪಟ್ಟಿ ದಾಟಿ ಸತ್ಯಮಂಗಲ ಮುಟ್ಟಿ, ಬಣ್ಣಾರಿಯಿಂದ 27 ಕಡಿದಾದ ತಿರುವುಗಳ ದಿಂಬಂ ಘಟ್ಟ ಹತ್ತಿ, ಹಾಸನೂರು ಹಾದು ಚಾಮರಾಜನಗರಕ್ಕೆ ಇಳಿಯುತ್ತದೆ. ಅಲ್ಲಿಂದ ಕೊಳ್ಳೇಗಾಲ, ಮಳವಳ್ಳಿ, ಕನಕಪುರ, ಬೆಂಗಳೂರು. ಹೀಗಾಗಿ ಇಲ್ಲಿಯ ಕಚೇರಿಗಳಲ್ಲಿ ಕನ್ನಡ ಎರಡು ಬಗೆಯಲ್ಲಿ ಕೇಳುತ್ತಿತ್ತು. ಒಂದು, ತಲೆಮಾರುಗಳಿಂದ ಕೊಯಮತ್ತೂರು ಸೀಮೆಯಲ್ಲೇ ನೆಲೆಸಿದ ದೇವಾಂಗ ನೇಕಾರರ, ಒಕ್ಕಲಿಗರ ಮನೆಮಾತು. ಅವರು ಓದಿದ್ದು ಬರೆದದ್ದೆಲ್ಲ ತಮಿಳಿನಲ್ಲಿ, ಅಜ್ಜಿಯೊಡನೆ ಆಡುವ ಮಾತು ಮಾತ್ರ ಕನ್ನಡ. ಇನ್ನೊಂದು, ಚಾಮರಾಜನಗರ, ಕೊಳ್ಳೇಗಾಲ, ಮೈಸೂರಿನ ಕಡೆಯಿಂದ, ಈರೋಡು ಜಿಲ್ಲೆಗೆ ಸೇರಿದ ಕನ್ನಡ ಸೀಮೆ ತಾಳವಾಡಿಯಿಂದ ಘಟ್ಟ ಇಳಿದು ಬಂದ ಹುಡುಗ ಹುಡುಗಿಯರ ಕನ್ನಡ. ಬೆಂಗಳೂರಿಗಿಂತ ಬಾಡಿಗೆ ಅಗ್ಗ, ಹಬ್ಬಕ್ಕೆ ಊರಿಗೆ ಹೋಗಲು ಒಂದೇ ಬಸ್ಸು. ತಾಳವಾಡಿ, ಚಾಮರಾಜನಗರದ ಕಡೆಯವರಿಗೆ ಬೆಂಗಳೂರಿಗಿಂತ ಕೊಯಮತ್ತೂರೇ ಹತ್ತಿರ ಎಂಬುದು ನಕ್ಷೆ ನೋಡಿದವರಿಗಷ್ಟೇ ಹೊಳೆಯುವ ಸಂಗತಿ.

ಅವರು ಸೇರಿದ ಕೆಲಸಕ್ಕೆ ಭದ್ರತೆಯೆಂಬ ಹಣೆಪಟ್ಟಿ ಇರಲಿಲ್ಲ. ನೇಮಕಪತ್ರದಲ್ಲಿ ಸಿಸ್ಟಮ್ ಎಂಜಿನಿಯರ್, ಪ್ರೋಗ್ರಾಮರ್ ಅನಲಿಸ್ಟ್, ಪ್ರೊಸೆಸ್ ಎಕ್ಸಿಕ್ಯುಟಿವ್ ಎಂದಿರುತ್ತಿತ್ತು. ಮೇಜಿನ ಮುಂದೆ ಕೂತಾಗ ನಡೆಯುತ್ತಿದ್ದದ್ದು ಬೇರೆ. ಅಮೆರಿಕದಲ್ಲಿ ಎನ್ರಾನ್ ಹಗರಣದ ಬೆನ್ನಿಗೆ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂದಿತ್ತು. ಕಂಪನಿಯ ಲೆಕ್ಕಪತ್ರದ ತಂತ್ರಾಂಶಕ್ಕೆ ಯಾರು ಕೈಹಾಕಬಹುದು, ಯಾರು ಹಾಕಬಾರದು ಎಂಬುದಕ್ಕೆ ದಾಖಲೆ ಇಡುವುದು ಅನಿವಾರ್ಯವಾಯಿತು. ಮೂರು ತಿಂಗಳಿಗೊಮ್ಮೆ ಬಳಕೆದಾರರ ಪಟ್ಟಿ ತೆಗೆದು, ಕೆಲಸ ಬಿಟ್ಟವರ ಖಾತೆ ಮುಚ್ಚಿದೆಯೇ, ಒಂದೇ ಕೈಗೆ ಬಿಲ್ಲು ಬರೆಯುವ ಅಧಿಕಾರವೂ ಅದನ್ನು ಮಂಜೂರು ಮಾಡುವ ಅಧಿಕಾರವೂ ಸಿಕ್ಕಿದೆಯೇ ಎಂದು ಸಾಲು ಸಾಲಾಗಿ ನೋಡುವ ಕೆಲಸ ಕೊಯಮತ್ತೂರಿನಂಥ ಊರುಗಳಿಗೆ ಹರಿದುಬಂತು. ಅಮೆರಿಕದ ಆಸ್ಪತ್ರೆ, ವಿಮೆಗಳ ಕ್ಲೇಮು ನೋಡುವ ತಂಡಗಳಿಗೆ ಅಲ್ಲಿಯ ರೋಗಿಗಳ ಮಾಹಿತಿ ಕಾಪಾಡುವ ಕಾನೂನು ಅನ್ವಯಿಸುತ್ತಿತ್ತು. ಫೈರ್‌ವಾಲ್‌ಗೆ ಹೊಸ ನಿಯಮ ಸೇರಿಸುವುದು, ಪ್ಯಾಚ್ ಹಾಕುವುದು, ಬ್ಯಾಕಪ್ ನಿಜವಾಗಿ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸುವುದು, ರಾತ್ರಿ ಎರಡು ಗಂಟೆಗೆ ಪರದೆಯ ಮೇಲೆ ಕೆಂಪಾದ ಎಚ್ಚರಿಕೆಗೆ ಟಿಕೆಟ್ ತೆರೆಯುವುದು, ಇವೆಲ್ಲ ಸಿಐಎಸ್‌ಎಸ್‌ಪಿಯ ಯಾವುದೋ ಒಂದು ವಿಭಾಗಕ್ಕೆ ಹೊಂದುವಂಥವು. ಮಾಡುತ್ತಿದ್ದವರಿಗೆ ಆಗ ಅದು ಗೊತ್ತಿರಲಿಲ್ಲ. ಅವರ ಬಾಯಲ್ಲಿ ಅದು ಬರೀ ‘ಸಪೋರ್ಟ್’.

ಅದು ಭದ್ರತೆಯ ಕೆಲಸವೆಂದು ಹೊಳೆಸಿದ್ದು ಕೆಲವು ದಿನಾಂಕಗಳು. 2008ರ ಕೊನೆಯಲ್ಲಿ ಕಾನ್‌ಫಿಕರ್ ಎಂಬ ಹುಳು ಹರಡಿದಾಗ ಪೆನ್‌ಡ್ರೈವ್‌ಗಳಿಗೆ ನಿಷೇಧ ಬಿತ್ತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಪ್ಯಾಚ್ ಹಾಕಿದರಷ್ಟೇ ಆಗಲಿಲ್ಲ, ಕೀಲಿಗಳನ್ನೂ ಡಿಜಿಟಲ್ ಪ್ರಮಾಣಪತ್ರಗಳನ್ನೂ ಹೊಸದಾಗಿ ಮಾಡಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು 2017ರ ಮೇ 12, ಶುಕ್ರವಾರ. ಒತ್ತೆಹಣ ಕೇಳುವ ವಾನಾಕ್ರೈ ಹುಳು ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಕಟ್ಟಿಹಾಕಿದ ಸುದ್ದಿ ಬರುವಾಗ ಇಲ್ಲಿ ಸಂಜೆ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಯಾವ ಸರ್ವರಿಗೆ ಹಾಕಿದೆ, ಯಾವುದಕ್ಕೆ ಬಿಟ್ಟಿದೆ ಎಂಬುದಕ್ಕೆ ಹಲವೆಡೆ ನೆಟ್ಟಗೆ ಉತ್ತರವಿರಲಿಲ್ಲ. ಶನಿವಾರ ಭಾನುವಾರ ಮನೆಗೆ ಹೋಗದೆ ಪೋರ್ಟ್ 445 ಮುಚ್ಚುತ್ತ, ಹಳೆಯ ಯಂತ್ರಗಳ ಪಟ್ಟಿ ಮಾಡುತ್ತ ಕೂತವರು ದೇಶದ ಎಲ್ಲ ಐಟಿ ಊರುಗಳಲ್ಲೂ ಇದ್ದರು. ಸೋಮವಾರ ಕಚೇರಿಗೆ ಬಂದವರಿಗೆ ಎಲ್ಲವೂ ಎಂದಿನಂತೆ ಕಂಡಿತು. ಭದ್ರತೆಯ ಕೆಲಸದ ದೊಡ್ಡ ತೊಡಕು ಇದೇ: ಚೆನ್ನಾಗಿ ನಡೆದರೆ ಏನೂ ನಡೆದಿಲ್ಲವೆಂಬಂತೆ ಕಾಣುತ್ತದೆ, ನಡೆಯದೆ ಹೋದದ್ದಕ್ಕೆ ಅನುಭವ ಪತ್ರ ಬರೆಯುವವರು ಸಿಗುವುದಿಲ್ಲ. 2021ರ ಡಿಸೆಂಬರ್‌ನ ಲಾಗ್4ಜೆ ತಂತ್ರಾಂಶದ ದೋಷ ತಂದ ಗಂಡಾಂತರದ ಹೊತ್ತಿಗೆ ಹಲವರು ಮನೆಯಿಂದಲೇ ದುಡಿಯುತ್ತಿದ್ದರು. ಕೆಲವರು ಘಟ್ಟದ ಮೇಲಿನ ಊರುಗಳಿಂದ, ಸಿಗ್ನಲ್ ಸಿಗುವ ಕಡೆ ಕೂತು.

ಹೀಗೆ ದುಡಿದದ್ದನ್ನು ಎಣಿಸುವ ರೀತಿ ಬಲು ಕಟ್ಟುನಿಟ್ಟು. ವಾರಕ್ಕೆ ಕನಿಷ್ಠ 35 ಗಂಟೆಯಂತೆ ನಾಲ್ಕು ವಾರ ದುಡಿದರೆ ಒಂದು ತಿಂಗಳು. ಅರೆಕಾಲಿಕ ಕೆಲಸವಾದರೆ ವಾರಕ್ಕೆ 20ರಿಂದ 34 ಗಂಟೆಯೊಳಗಿರಬೇಕು. 2080 ಗಂಟೆ ಕೂಡಿದರೆ ಒಂದು ವರ್ಷ, 1040 ಆದರೆ ಅರ್ಧ ವರ್ಷ. ಸಂಬಳ ಬರಲಿ ಬಾರದಿರಲಿ, ಇಂಟರ್ನ್‌ಶಿಪ್ ಕೂಡ ನಡೆಯುತ್ತದೆ, ಸಂಸ್ಥೆಯ ಲೆಟರ್‌ಹೆಡ್ ಮೇಲೆ ಪತ್ರವಿದ್ದರೆ. ವಾರಕ್ಕೆ 60 ಗಂಟೆ ಮೈಮುರಿದು ದುಡಿದರೂ ತಿಂಗಳು ಒಂದೇ ತಿಂಗಳು. ವಾನಾಕ್ರೈ ವಾರಾಂತ್ಯಕ್ಕೆ ಈ ಲೆಕ್ಕದಲ್ಲಿ ಹೆಚ್ಚಿನ ಬೆಲೆಯಿಲ್ಲ. ಆಗೆಲ್ಲ ನಾಲ್ಕು ವರ್ಷದ ಪದವಿಯಿದ್ದರೆ ಒಂದು ವರ್ಷದ ವಿನಾಯಿತಿ ಸಿಗುತ್ತಿತ್ತು. ಪದವಿಯ ಬದಲು ಸಂಸ್ಥೆ ಒಪ್ಪಿದ ಬೇರೊಂದು ಪ್ರಮಾಣಪತ್ರವಿದ್ದರೂ ಅದೇ ಒಂದು ವರ್ಷ. ಎರಡೂ ಇದ್ದರೆ ಎರಡು ವರ್ಷವೆಂದು ಹಿಗ್ಗುವಂತಿಲ್ಲ, ವಿನಾಯಿತಿಯ ಮಿತಿ ಒಂದೇ ವರ್ಷ. ಬಿಇ ಓದಿದವರಿಗೆ ಇದು ಸಲೀಸಾಗಿತ್ತು. ಮೂರು ವರ್ಷದ ಬಿಎಸ್‌ಸಿ, ಬಿಕಾಂ ಮಾಡಿ ಬಂದವರು ಪದವಿಯ ಗೊಡವೆ ಬಿಟ್ಟು ಸೆಕ್ಯುರಿಟಿ ಪ್ಲಸ್‌ನಂಥ ಚಿಕ್ಕ ಪರೀಕ್ಷೆ ಬರೆದು ಆ ವರ್ಷವನ್ನು ಗಿಟ್ಟಿಸಿಕೊಳ್ಳುವುದಿತ್ತು.

ಗಂಟೆಗಳಿಗಿಂತ ಕಷ್ಟದ್ದು ಕೆಲಸದ ಗುಣ. ಸಂಸ್ಥೆ ಹಿಂದೆ ಕೊಟ್ಟಿದ್ದ ವಿವರಣೆಯಲ್ಲಿ ವೃತ್ತಿಪರ ಅನುಭವವೆಂದರೆ ವಿವೇಚನೆ ಬಳಸುವ, ನಿರ್ಧಾರ ತೆಗೆದುಕೊಳ್ಳುವ, ಇತರರಿಗೆ ಕಲಿಸುವ, ನಿಯಂತ್ರಣಗಳನ್ನು ಆರಿಸಿ ರೂಪಿಸುವ ಕೆಲಸ. ಇದ್ದ ನಿಯಂತ್ರಣವನ್ನು ಬರೀ ನಡೆಸುತ್ತ ಕೂತದ್ದು ಅದಕ್ಕೆ ಸೇರುವುದಿಲ್ಲ ಎಂಬ ಅರ್ಥದ ಮಾತಿತ್ತು. ಶರವಣಂಪಟ್ಟಿಯ ಬಹುಪಾಲು ನೌಕರಿಗಳು ಶುರುವಾಗುತ್ತಿದ್ದದ್ದೇ ಆ ‘ಬರೀ ನಡೆಸುವ’ ಮೆಟ್ಟಿಲಲ್ಲಿ. ಎಲ್-1 ಎಂದು ಕರೆಯುವ ಮೊದಲ ಹಂತದಲ್ಲಿ ರನ್‌ಬುಕ್ ಇರುತ್ತದೆ: ಇಂಥ ಎಚ್ಚರಿಕೆ ಬಂದರೆ ಇದನ್ನು ನೋಡು, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಎಲ್-2ಕ್ಕೆ ಕಳಿಸು. ಅದರಲ್ಲಿ ವಿವೇಚನೆಗೆ ಎಡೆ ಎಲ್ಲಿ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆದರೆ ಒಂದು ವರ್ಷ ಅದೇ ಕುರ್ಚಿಯಲ್ಲಿ ಕೂತವರಿಗೆ ರನ್‌ಬುಕ್ ತಪ್ಪಿರುವ ಕಡೆಗಳು ತಿಳಿದುಬಿಡುತ್ತವೆ. ನೂರು ಎಚ್ಚರಿಕೆಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ವಾಸನೆಯಿಂದಲೇ ಹೇಳಬಲ್ಲವರು ಅವರಲ್ಲಿದ್ದರು. ರನ್‌ಬುಕ್ ಓದುವವರು ರನ್‌ಬುಕ್ ತಿದ್ದುವವರಾದ ತಿಂಗಳಿನಿಂದ ಲೆಕ್ಕ ಶುರುಮಾಡುವುದು ಪ್ರಾಮಾಣಿಕವಾದ ಕ್ರಮ. ಆ ತಿಂಗಳು ಯಾವುದೆಂದು ಗುರುತು ಹಾಕಿಕೊಂಡವರು ಕಡಿಮೆ.

ಬಿಇ ಮುಗಿಸಿ 2008ರಲ್ಲಿ ಸೇರಿದ ಒಬ್ಬರ ಲೆಕ್ಕವನ್ನು ಮಾದರಿಗೆಂದು ಹಾಕಿ ನೋಡಬಹುದು. ತರಬೇತಿಗೆ ಮೂರು ತಿಂಗಳು, ಹೆಲ್ಪ್‌ಡೆಸ್ಕಿನಲ್ಲಿ 14 ತಿಂಗಳು, ಫೈರ್‌ವಾಲ್ ತಂಡದಲ್ಲಿ 38 ತಿಂಗಳು, ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ನಾಲ್ಕು ತಿಂಗಳು, ಬಳಿಕ ಆಡಿಟ್‌ಗೆ ದಾಖಲೆ ಒದಗಿಸುವ ತಂಡದಲ್ಲಿ 12 ತಿಂಗಳು. ಕಂಪನಿಯ ಲೆಕ್ಕದಲ್ಲಿ ಇದು 71 ತಿಂಗಳು, ಆರು ವರ್ಷಕ್ಕೆ ಒಂದೇ ತಿಂಗಳು ಕಡಿಮೆ. ಐಎಸ್‌ಸಿ2ರ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವುದು ಫೈರ್‌ವಾಲಿನ 38, ಆಡಿಟ್‌ನ 12, ಕೂಡಿ 50 ತಿಂಗಳು. ಪದವಿಯ ವಿನಾಯಿತಿ ಕಳೆದರೆ ಬೇಕಾದದ್ದು 48. ಎರಡು ತಿಂಗಳ ಅಂಚಿನಲ್ಲಿ ದಾಟಿದಂತೆ. ಹೆಲ್ಪ್‌ಡೆಸ್ಕಿನಲ್ಲಿ ಪಾಸ್‌ವರ್ಡ್ ಬದಲಿಸಿಕೊಟ್ಟ ದಿನಗಳನ್ನು ಗುರುತು ಮತ್ತು ಪ್ರವೇಶ ನಿರ್ವಹಣೆಯ ವಿಭಾಗಕ್ಕೆ ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸೇರಿಸದೆಯೇ ಲೆಕ್ಕ ತುಂಬುವುದಾದರೆ ಬಿಡುವುದೇ ಮೇಲು. ತಪಾಸಣೆ ಬಂದರೆ ಮೊದಲು ಕುಸಿಯುವ ಗೋಡೆ ಅದೇ.

2015ರ ಏಪ್ರಿಲ್‌ನಲ್ಲಿ ಹತ್ತು ವಿಭಾಗಗಳನ್ನು ಎಂಟಕ್ಕೆ ಇಳಿಸಿದ್ದರಿಂದ ಹಳೆಯ ಕೆಲಸವನ್ನು ಹೊಸ ಹೆಸರಿನಡಿ ಕೂರಿಸುವ ಸಣ್ಣ ತಲೆನೋವೂ ಸೇರಿಕೊಂಡಿತು. ವಿಪತ್ತಿನ ಬಳಿಕ ಚೇತರಿಸಿಕೊಳ್ಳುವ ಯೋಜನೆಗೆ ಮೊದಲು ಪ್ರತ್ಯೇಕ ವಿಭಾಗವಿತ್ತು, ಆಮೇಲೆ ಅದು ಬೇರೆ ವಿಭಾಗಗಳೊಳಗೆ ಕರಗಿತು. ಇದರಿಂದ ಯಾರಿಗೂ ದೊಡ್ಡ ನಷ್ಟವಾಗಲಿಲ್ಲ.

ನಷ್ಟ ಆದದ್ದು ಕಾಗದದಲ್ಲಿ. ಭಾರತದ ಕಂಪನಿಗಳು ಕೊಡುವ ಅನುಭವ ಪತ್ರದ ಒಕ್ಕಣೆ ಎಲ್ಲರಿಗೂ ಬಾಯಿಪಾಠ: ಇಂಥವರು ಇಂಥ ನೌಕರಿ ಸಂಖ್ಯೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಹುದ್ದೆಯಲ್ಲಿದ್ದರು, ನಡತೆ ತೃಪ್ತಿಕರ, ಮುಂದಿನ ಬಾಳು ಹಸನಾಗಲಿ. ಏನು ಮಾಡಿದರು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಐಎಸ್‌ಸಿ2 ಕೇಳುವುದು ಅದನ್ನೇ. ಹುದ್ದೆಯ ಹೆಸರು ಏನೇ ಇರಲಿ, ನೌಕರಿಯ ಅವಧಿ, ಮೇಲಧಿಕಾರಿ ಯಾರು, ಮಾಡಿದ ಕೆಲಸ ಯಾವ ವಿಭಾಗಕ್ಕೆ ಸೇರುತ್ತದೆ ಎಂಬ ವಿವರ ಬೇಕು. ಹುದ್ದೆಯ ಹೆಸರಿಗೆ ಜೋತುಬೀಳದ ಈ ಕ್ರಮ ನಿಜಕ್ಕೂ ನ್ಯಾಯವಾದದ್ದು. ಪ್ರೊಸೆಸ್ ಎಕ್ಸಿಕ್ಯುಟಿವ್ ಆಗಿದ್ದವರಿಗೂ ಬಾಗಿಲು ತೆರೆದಿಡುತ್ತದೆ. ಆದರೆ ಸಾಬೀತಿನ ಹೊರೆಯನ್ನು ನೌಕರರ ಹೆಗಲಿಗೇ ಏರಿಸುತ್ತದೆ. ಎಚ್‌ಆರ್ ವಿಭಾಗಕ್ಕೆ ಹೋಗಿ ಕೆಲಸದ ವಿವರವುಳ್ಳ ಪತ್ರ ಕೇಳಿದರೆ, ನಮ್ಮಲ್ಲಿ ಒಂದೇ ನಮೂನೆ ಇರುವುದು ಎಂಬ ಉತ್ತರ ಸಾಮಾನ್ಯ. ಗ್ರಾಹಕ ಕಂಪನಿಯ ಹೆಸರು ಬರೆಯಲು ಗೋಪ್ಯತೆಯ ಒಪ್ಪಂದ ಬಿಡುವುದಿಲ್ಲ. ‘ಉತ್ತರ ಅಮೆರಿಕದ ಒಂದು ವಿಮಾ ಸಂಸ್ಥೆ’ ಎಂದು ಬರೆಯಬೇಕು. ಟಿಕೆಟ್‌ಗಳೆಲ್ಲ ಗ್ರಾಹಕರ ಸರ್ವರಿನಲ್ಲಿ, ಕೆಲಸ ಬಿಟ್ಟ ದಿನವೇ ಅವುಗಳಿಗೂ ನೌಕರರಿಗೂ ಸಂಬಂಧ ಕಡಿಯುತ್ತದೆ. ಭದ್ರತೆಯ ಕೆಲಸ ಮಾಡಿದ ಪುರಾವೆಯನ್ನು ಭದ್ರತೆಯ ನಿಯಮವೇ ಹೊರಗೆ ಬಿಡದಿರುವುದು ಈ ವೃತ್ತಿಯ ತಮಾಷೆಗಳಲ್ಲೊಂದು.

ಸಣ್ಣ ಕಂಪನಿಗಳಲ್ಲಿ ದುಡಿದವರ ಪಾಡು ಇನ್ನೂ ಇಕ್ಕಟ್ಟಿನದು. ಹತ್ತಿಪ್ಪತ್ತು ಜನರ ಕಚೇರಿ, ಬಾಡಿಗೆಯ ಮಹಡಿ, ಎರಡು ಮೂರು ವರ್ಷದಲ್ಲಿ ಮುಚ್ಚಿಹೋದರೆ ಸಹಿ ಹಾಕಬೇಕಾದ ಮಾಲೀಕರು ಯಾವ ಊರಲ್ಲಿದ್ದಾರೋ. ಅಂಥ ಹೊತ್ತಿನಲ್ಲಿ ನೆರವಿಗೆ ಬಂದದ್ದು ಭವಿಷ್ಯನಿಧಿ. 2014ರ ಅಕ್ಟೋಬರ್‌ನಲ್ಲಿ ಪ್ರತಿ ಸದಸ್ಯರಿಗೂ ಒಂದೇ ಕಾಯಂ ಸಂಖ್ಯೆ, ಯುಎಎನ್, ಜಾರಿಗೆ ಬಂದ ಮೇಲೆ ಯಾವ ಕಂಪನಿ ಯಾವ ತಿಂಗಳವರೆಗೆ ಹಣ ಕಟ್ಟಿದೆ ಎಂಬುದು ಪಾಸ್‌ಬುಕ್ಕಿನಲ್ಲಿ ಒಟ್ಟಿಗೆ ಸಿಗುವಂತಾಯಿತು. ಅದಕ್ಕೆ ಫಾರಂ 16, ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಜೋಡಿಸಿದರೆ ಅವಧಿಯಾದರೂ ಸಾಬೀತಾಗುತ್ತದೆ. ಕೆಲಸದ ಸ್ವರೂಪಕ್ಕೆ ಮಾತ್ರ ಮನುಷ್ಯರೇ ಬೇಕು: ಹಳೆಯ ತಂಡದ ಮುಖ್ಯಸ್ಥರು ಎಲ್ಲಿಗೆ ಹೋಗಿದ್ದಾರೆ ಎಂದು ಹುಡುಕಿ, ವರ್ಷಗಳ ಬಳಿಕ ಫೋನು ಮಾಡಿ, ನೆನಪು ಮಾಡಿಕೊಟ್ಟು, ಇಮೇಲಿನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳುವುದು. ಮುನಿಸಿಕೊಂಡು ಕೆಲಸ ಬಿಟ್ಟಿದ್ದವರಿಗೆ ಆ ಫೋನು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ.

ನಿಯಮದಲ್ಲಿ ಮೆಚ್ಚತಕ್ಕ ಒಂದು ಅಂಶವೆಂದರೆ ಐದು ವರ್ಷ ಒಂದೇ ಏಟಿಗೆ ಆಗಬೇಕಿಲ್ಲ, ತುಂಡು ತುಂಡಾಗಿಯೂ ಕೂಡಿಸಬಹುದು. ಹೆರಿಗೆಗೆಂದು, ಮಗುವಿನ ಶಾಲೆಗೆಂದು, ಅತ್ತೆಮಾವಂದಿರ ಆರೈಕೆಗೆಂದು ಕೆಲಸ ಬಿಟ್ಟು ಮತ್ತೆ ಸೇರಿದ ಹೆಣ್ಣುಮಕ್ಕಳಿಗೆ ಇದರಿಂದ ಆದ ಅನುಕೂಲ ದೊಡ್ಡದು. ರಾತ್ರಿ ಪಾಳಿ ಆಗದೆಂದು ಎಂಜಿನಿಯರಿಂಗ್ ಕಾಲೇಜಿಗೆ ಉಪನ್ಯಾಸಕಿಯರಾಗಿ ಹೋಗಿ ನೆಟ್‌ವರ್ಕ್ ಭದ್ರತೆ, ಕ್ರಿಪ್ಟೋಗ್ರಫಿ ಕಲಿಸಿದವರೂ ಇದ್ದರು. ಸಂಸ್ಥೆಯ ಆ ಹಳೆಯ ವಿವರಣೆಯಲ್ಲಿ ಕಲಿಸುವುದಕ್ಕೂ ಜಾಗವಿತ್ತು. ಬಿಡುವಿನ ವರ್ಷಗಳನ್ನು ವೃತ್ತಿಯ ಕಳಂಕದಂತೆ ನೋಡುವ ನೇಮಕಾತಿ ವಿಭಾಗಗಳಿಗಿಂತ ಈ ದೂರದ ಸಂಸ್ಥೆಯ ಗಣಿತ ಹೆಚ್ಚು ಉದಾರವಾಗಿತ್ತೆಂದೇ ಹೇಳಬೇಕು.

ಪರೀಕ್ಷೆಯ ರೂಪವೂ ಈ ಅವಧಿಯಲ್ಲಿ ಬದಲಾಯಿತು. 2012ರ ಮೊದಲು ಅದು ಪೆನ್ಸಿಲ್ಲು ಕಾಗದದ ಪರೀಕ್ಷೆ, 250 ಪ್ರಶ್ನೆ, ಆರು ಗಂಟೆ. ವರ್ಷದಲ್ಲಿ ಗೊತ್ತುಪಡಿಸಿದ ಕೆಲವೇ ದಿನ, ದೊಡ್ಡ ನಗರಗಳಲ್ಲಿ ಮಾತ್ರ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. 2012ರ ಮಧ್ಯದಿಂದ ಕಂಪ್ಯೂಟರಿನಲ್ಲಿ ಬರೆಯುವಂತಾಯಿತು. 2017ರ ಡಿಸೆಂಬರ್‌ನಿಂದ ಇಂಗ್ಲಿಷ್ ಪರೀಕ್ಷೆ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುವ ಬಗೆಗೆ ಬದಲಾಗಿ, 100ರಿಂದ 150 ಪ್ರಶ್ನೆಗೆ, ಮೂರು ಗಂಟೆಗೆ ಇಳಿಯಿತು. ಶರವಣಂಪಟ್ಟಿಯವರು ಪರೀಕ್ಷೆಗೆ ಬೆಂಗಳೂರಿಗೋ ಚೆನ್ನೈಗೋ ಹೋಗುವುದು ವಾಡಿಕೆ. 2018ರ ಜೂನ್‌ನಲ್ಲಿ ಕೊಯಮತ್ತೂರು–ಬೆಂಗಳೂರು ಉದಯ್ ಎಕ್ಸ್‌ಪ್ರೆಸ್, 2023ರ ಕೊನೆಯಲ್ಲಿ ವಂದೇ ಭಾರತ್ ಶುರುವಾಗುವ ಮೊದಲು ರಾತ್ರಿ ಬಸ್ಸೇ ಬಹಳ ಜನರಿಗೆ ಗತಿ. ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಿಂದ ವನ್ಯಜೀವಿಗಳ ಸಲುವಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಆ ದಾರಿಯ ಲೆಕ್ಕಾಚಾರವೂ ಬೇರೆಯಾಯಿತು. ಪರೀಕ್ಷೆ ಮುಗಿಸಿ ಹೊರಬರುವಾಗ ಕೈಗೆ ಬರುವ ಹಾಳೆಯಲ್ಲಿ ಪಾಸು ಎಂದಿದ್ದರೂ ಅದು ತಾತ್ಕಾಲಿಕ. ಅಂದಿನಿಂದ ಒಂಬತ್ತು ತಿಂಗಳೊಳಗೆ ಅನುಭವದ ವಿವರ ಸಲ್ಲಿಸಿ, ಮೊದಲೇ ಹೇಳಿದ ಸಹಿಯ ವಿಧಿ, ಅಂದರೆ ಎಂಡಾರ್ಸ್‌ಮೆಂಟ್ ಮುಗಿಸಬೇಕು.

ಎಂಡಾರ್ಸ್‌ಮೆಂಟ್ ಮಾಡಬೇಕಾದವರು ಐಎಸ್‌ಸಿ2ರ ಪ್ರಮಾಣಪತ್ರ ಹೊಂದಿ, ಶುಲ್ಕ ಕಟ್ಟಿ, ಊರ್ಜಿತದಲ್ಲಿರುವ ಸದಸ್ಯರು. ಅರ್ಜಿದಾರರ ಅನುಭವ ತಮ್ಮ ತಿಳಿವಿನ ಮಟ್ಟಿಗೆ ನಿಜ, ವೃತ್ತಿಯಲ್ಲಿ ಅವರ ಹೆಸರು ಕೆಟ್ಟಿಲ್ಲ ಎಂದು ಅವರು ಹೇಳಬೇಕು. ಇಲ್ಲಿ ಬೆಂಗಳೂರಿಗೂ ಕೊಯಮತ್ತೂರಿಗೂ ಇದ್ದ ಅಂತರ ಎದ್ದುಕಾಣುತ್ತಿತ್ತು. ಬೆಂಗಳೂರಿನಲ್ಲಿ ಪಕ್ಕದ ಸಾಲಿನಲ್ಲೇ ಇಬ್ಬರು ಮೂವರು ಸಿಐಎಸ್‌ಎಸ್‌ಪಿಗಳು ಇರುತ್ತಿದ್ದರು. ಶರವಣಂಪಟ್ಟಿಯಲ್ಲಿ ಬಹುಕಾಲ ಅವರು ವಿರಳ. ಇದ್ದ ಒಬ್ಬಿಬ್ಬರೂ ಅಮೆರಿಕದಲ್ಲಿದ್ದು ಬಂದ ಮೇಲಧಿಕಾರಿಗಳು, ಕೇಳಲು ಸಂಕೋಚ. ಎಷ್ಟೋ ಜನ ಬೆಂಗಳೂರಿಗೆ ಹೋದ ಹಳೆಯ ಸಹೋದ್ಯೋಗಿಯನ್ನೋ, ಫೋನಿನಲ್ಲಷ್ಟೇ ಪರಿಚಯವಿದ್ದ ಗ್ರಾಹಕ ಕಂಪನಿಯ ಅಧಿಕಾರಿಯನ್ನೋ ಕೇಳಿಕೊಂಡರು. ಯಾರೂ ಸಿಗದಿದ್ದರೆ ಐಎಸ್‌ಸಿ2 ತಾನೇ ಆ ಪಾತ್ರ ವಹಿಸುತ್ತದೆ, ಆಗ ದಾಖಲೆಗಳನ್ನೆಲ್ಲ ಅದಕ್ಕೇ ಒಪ್ಪಿಸಬೇಕು. ಅರ್ಜಿಗಳಲ್ಲಿ ಕೆಲವನ್ನು ಆಯ್ದು ತಪಾಸಣೆಗೂ ಒಳಪಡಿಸುತ್ತಾರೆ. ಒಂದು ಕೆಟ್ಟ ರೂಢಿಯೂ ಹುಟ್ಟಿಕೊಂಡಿತ್ತು: ಪರಿಚಯವೇ ಇಲ್ಲದವರಿಂದ, ಸ್ನೇಹಿತರ ಸ್ನೇಹಿತರೆಂಬ ಸಲಿಗೆಯಲ್ಲಿ ಸಹಿ ಹಾಕಿಸಿಕೊಳ್ಳುವುದು. ಸದಸ್ಯರು ಒಪ್ಪಿಕೊಂಡಿರುವ ನೀತಿಸಂಹಿತೆಗೆ ಇದು ನೇರ ವಿರೋಧ, ಸಿಕ್ಕಿಬಿದ್ದರೆ ಇಬ್ಬರಿಗೂ ಕುತ್ತು.

ಐದು ವರ್ಷ ತುಂಬದವರಿಗೆ ಬೇರೊಂದು ದಾರಿಯಿದೆ. ಪರೀಕ್ಷೆ ಪಾಸಾಗಿ ‘ಅಸೋಸಿಯೇಟ್ ಆಫ್ ಐಎಸ್‌ಸಿ2’ ಆಗಿ ಉಳಿದು, ಆರು ವರ್ಷದೊಳಗೆ ಅನುಭವ ತುಂಬಿಸಿಕೊಳ್ಳಬಹುದು. ಅಲ್ಲಿಯವರೆಗೆ ಸಿಐಎಸ್‌ಎಸ್‌ಪಿ ಎಂಬ ಅಕ್ಷರಗಳನ್ನು ಹೆಸರಿನ ಮುಂದೆ ಬಳಸುವಂತಿಲ್ಲ, ಯಾವ ಪರೀಕ್ಷೆ ಪಾಸಾದದ್ದು ಎಂದೂ ಆ ಬಿರುದಿನ ಜತೆ ಹೇಳಿಕೊಳ್ಳುವಂತಿಲ್ಲ. 25ರ ಹರೆಯದಲ್ಲಿ ಪಾಸಾದವರಿಗೆ ಇದು ಬಿಗಿಯಾದ ಬೇಲಿ. ಮನೆಯಲ್ಲಿ ಪಾಸೆಂದರೆ ಪಾಸು; ಅಪ್ಪ ಊರಿಗೆಲ್ಲ ಹೇಳಿ ಆಗಿರುತ್ತದೆ. ಬಯೋಡೇಟಾದಲ್ಲಿ ಆ ಅಕ್ಷರಗಳನ್ನು ಬರೆದೂ ಬರೆಯದಂತೆ ಬರೆಯುವ ಜಾಣತನಗಳು ನೇಮಕಾತಿ ಮಾಡುವವರಿಗೆ ಚಿರಪರಿಚಿತ.

ಅನುಭವ ಕೇಳುವುದು ಐಎಸ್‌ಸಿ2 ಒಂದೇ ಅಲ್ಲ. 1969ರಲ್ಲಿ ಲೆಕ್ಕಪರಿಶೋಧಕರ ಸಂಘವಾಗಿ ಹುಟ್ಟಿದ ಇಸಾಕಾ 1978ರಿಂದ ಸಿಐಎಸ್‌ಎ, 2002ರಿಂದ ಸಿಐಎಸ್‌ಎಂ ಎಂಬ ಪ್ರಮಾಣಪತ್ರಗಳನ್ನು ಕೊಡುತ್ತಿದೆ. ಸಿಐಎಸ್‌ಎಗೂ ಐದು ವರ್ಷ ಬೇಕು, ಆದರೆ ಅರ್ಜಿ ಹಾಕುವ ಹಿಂದಿನ ಹತ್ತು ವರ್ಷದೊಳಗಿನದಾಗಿರಬೇಕು. ಓದಿಗೆ, ಬೇರೆ ಅನುಭವಕ್ಕೆ ಮೂರು ವರ್ಷದವರೆಗೂ ವಿನಾಯಿತಿ ಉಂಟು. ಅಲ್ಲಿ ಸಾಕ್ಷಿ ಹೇಳಬೇಕಾದವರು ಕೆಲಸ ಕಂಡ ಮೇಲಧಿಕಾರಿ. ಎಚ್‌ಆರ್ ವಿಭಾಗದ ಸಹಿಯೂ ನೆಂಟರ ಸಹಿಯೂ ಸಲ್ಲದು. ಗಿರಣಿಗಳ, ಬ್ಯಾಂಕುಗಳ ಲೆಕ್ಕ ನೋಡಿಕೊಂಡು ಬಂದ ಕೊಯಮತ್ತೂರಿನ ಲೆಕ್ಕಪರಿಶೋಧಕರಿಗೆ ಸಿಐಎಸ್‌ಎ ಹತ್ತಿರದ್ದು. ಇನ್ನೊಂದು ತುದಿಯಲ್ಲಿ ಒಎಸ್‌ಸಿಪಿಯಂಥ ಪರೀಕ್ಷೆ: ಅನುಭವದ ಷರತ್ತೇ ಇಲ್ಲ, ಹೆಚ್ಚುಕಡಿಮೆ ಒಂದು ದಿನವಿಡೀ ಕೂತು ಯಂತ್ರಗಳೊಳಗೆ ನುಗ್ಗಿ ತೋರಿಸಬೇಕು. ಕೈಚಳಕ ಅಳೆಯಲು ಅದು ಸರಿ. ಫೈರ್‌ವಾಲಿನಲ್ಲಿ ಒಂದು ನಿಯಮ ಬಿಡಬೇಕೋ ಬೇಡವೋ ಎಂದು ವ್ಯಾಪಾರದವರೊಡನೆ ಜಗಳವಾಡಿದ ವರ್ಷಗಳನ್ನು ಅದರಿಂದ ಅಳೆಯಲಾಗದು.

ಬೇಡಿಕೆ ಏರಿದ್ದಕ್ಕೆ ದೇಶದೊಳಗಿನ ಕಾರಣಗಳೂ ಇದ್ದವು. 2016ರ ಜೂನ್ 2ರಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟು ವಿಧಿಸಿ, ಸದಾ ಕಣ್ಣಿಡುವ ಕಾರ್ಯಾಚರಣೆ ಕೇಂದ್ರಗಳಿರಬೇಕೆಂದಿತು. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನ, ಘಟನೆ ನಡೆದದ್ದು ತಿಳಿದ ಆರು ಗಂಟೆಯೊಳಗೆ ವರದಿ ಕೊಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದಿತು. ವಿದೇಶಿ ಗ್ರಾಹಕರು ಗುತ್ತಿಗೆ ಕೊಡುವ ಮೊದಲು ಕಳಿಸುವ ಪ್ರಶ್ನಾವಳಿಯಲ್ಲಿ, ನಿಮ್ಮ ತಂಡದಲ್ಲಿ ಪ್ರಮಾಣಿತರು ಎಷ್ಟು ಮಂದಿ ಎಂಬ ಸಾಲು ಕಾಯಂ ಆಯಿತು. ಅದುವರೆಗೆ ರಜೆ ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಕಂಪನಿಗಳು ಪರೀಕ್ಷಾ ಶುಲ್ಕ ತಾವೇ ಭರಿಸತೊಡಗಿದವು. ಕೆಲಸದ ವಿವರವುಳ್ಳ ಪತ್ರಕ್ಕೂ ಆಗ ಹೊಸ ನಮೂನೆ ಸಿದ್ಧವಾದದ್ದುಂಟು.

ಪ್ರಮಾಣಪತ್ರ ಬಂದವರಿಗೂ ಲೆಕ್ಕ ತಪ್ಪುವುದಿಲ್ಲ. ಮೂರು ವರ್ಷಕ್ಕೆ 120 ಗಂಟೆಯ ಮುಂದುವರಿದ ಕಲಿಕೆ ತೋರಿಸಬೇಕು, ವರ್ಷವರ್ಷ ಶುಲ್ಕ ಕಟ್ಟಬೇಕು. ಶರವಣಂಪಟ್ಟಿಯ ಮೊದಲ ಪೀಳಿಗೆಯವರು ಈಗ ತಂಡದ ಮುಖ್ಯಸ್ಥರು, ಕಿರಿಯರ ಅರ್ಜಿಗೆ ಸಹಿ ಹಾಕುವ ಸರದಿ ಅವರದು. ಅವರು ಕಿರಿಯರಿಂದ ಮೊದಲು ಕೇಳುವುದು ಭವಿಷ್ಯನಿಧಿಯ ಪಾಸ್‌ಬುಕ್ಕು ಮತ್ತು ಪ್ರತಿ ಆರು ತಿಂಗಳಿಗೊಮ್ಮೆ ಬರೆದಿಟ್ಟ ಕೆಲಸದ ಟಿಪ್ಪಣಿ: ಯಾವ ತಂಡ, ಯಾರ ಕೈಕೆಳಗೆ, ಯಾವ ನಿರ್ಧಾರ ಯಾರದು. ಗ್ರಾಹಕರ ಹೆಸರಾಗಲಿ ಐಪಿ ವಿಳಾಸವಾಗಲಿ ಅದರಲ್ಲಿರಬಾರದು. ಕಂಪನಿ ಬಿಡುವ ಮೊದಲೇ, ನೋಟಿಸ್ ಅವಧಿಯಲ್ಲಿ, ಮೇಲಧಿಕಾರಿಯಿಂದ ವಿವರದ ಪತ್ರ ಪಡೆದಿರಬೇಕು. ಇನ್ನು ಸಹಿ ಹಾಕುವವರ ಕಡೆಯ ಷರತ್ತು ಒಂದೇ: ವಾರ್ಷಿಕ ಶುಲ್ಕ ಬಾಕಿ ಉಳಿಸಿಕೊಂಡು ಸದಸ್ಯತ್ವ ಅಮಾನತಾಗಿದ್ದರೆ ಅವರ ಎಂಡಾರ್ಸ್‌ಮೆಂಟ್ ಸಲ್ಲುವುದಿಲ್ಲ.